ಪಟ್ಟಿ ಕತ್ತರಿಸುವವಳು

ಇನಾರಿ ಸರೋವರದ ಮೇಲೆ ಮೊಳ ದಪ್ಪದ ಮಂಜುಗಡ್ಡೆ,
ಅದರ ಮೇಲೊಂದು ಡೇರೆ, ಡೇರೆಯೊಳಗೆ ನನ್ನ ಮೇಜು.
ಸೊನ್ನೆಗಿಂತ ಇಪ್ಪತ್ತಾರು ಕೆಳಗೆ. ಶಾಯಿ ಹೆಪ್ಪುಗಟ್ಟುತ್ತದೆಂದು
ಸೀಸದಕಡ್ಡಿ ಹಿಡಿದಿದ್ದೇನೆ; ಪಕ್ಕಕ್ಕೆ ಅಮ್ಮನ ಹೊಲಿಗೆ ಕತ್ತರಿ.
ಹೊರಗೆ ಸ್ನೋಮೊಬೈಲುಗಳು ಗುರುಗುಟ್ಟುತ್ತಿವೆ,
ಪೆಟ್ರೋಲಿನ ವಾಸನೆ ಕಾಫಿಯೊಳಗೂ ಇಳಿದಿದೆ.

ಒಬ್ಬೊಬ್ಬರಾಗಿ ಬರುತ್ತಾರೆ, ತಲೆಯನ್ನು ಕಂಕುಳಲ್ಲಿಟ್ಟುಕೊಂಡು.
ಹಾಗೇ ಕಾಣುತ್ತದೆ ನನಗೆ, ಹದಿನೆಂಟು ಚಳಿಗಾಲದಿಂದ.
ಹಿಂಬದಿಯ ಮುದ್ರೆ ನೋಡುತ್ತೇನೆ, ತಯಾರಾದ ತಿಂಗಳು ನೋಡುತ್ತೇನೆ,
ಗದ್ದದ ಪಟ್ಟಿಯಡಿ ಎರಡು ಬೆರಳು ತೂರಿಸಿ
ಮೂಗುದಾರದಂತೆ ಜಗ್ಗುತ್ತೇನೆ.

"ಆರುನೂರು ಯೂರೋ ಕೊಟ್ಟಿದ್ದೇನೆ, ಹೆಲ್ವಿ" ಎನ್ನುತ್ತಾನೆ ತೌನೊ.
ಕೊಟ್ಟಿರಬಹುದು. ಹೋದ ತಿಂಗಳು ಪೈನ್ ಮರಕ್ಕೆ ಗುದ್ದಿದವನೂ ನೀನೇ.
ಮೇಲಿನ ಬಣ್ಣಕ್ಕೆ ಗೀರೂ ಬಿದ್ದಿಲ್ಲ; ಒಳಗಿನ ಬೆಂಡು ಕುಸಿದಿದೆ.
ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಅಂತಾರಲ್ಲ,
ಹೋದದ್ದು ಹೋಯಿತು. ಅದೇ ರುಮಾಲನ್ನು ಮತ್ತೆ ಸುತ್ತಿಕೊಳ್ಳುವುದೇ?
ಚಕ್. ಪಟ್ಟಿ ಎರಡು ತುಂಡು.
ಬೈಯುತ್ತ ಹೋಗುತ್ತಾನೆ. ಬೈಯಲಿ, ಬೈಯಲು ಬಾಯಿ ಬರುತ್ತಿದೆಯಲ್ಲ.

ಹೊಸಬರಿಗೆ ಪಾಠ ಹೇಳುವುದು ವೀಲಿಯ ಬಟ್ಟಲು ಹಿಡಿದು,
ನಮ್ಮ ಕಡೆಯ ನೂಲು ನೂಲಾಗಿ ಬರುವ ಗಟ್ಟಿಮೊಸರು.
ಬಟ್ಟಲನ್ನು ಗಕ್ಕನೆ ತಿರುಗಿಸಿ ನಿಲ್ಲಿಸು:
ಬಟ್ಟಲು ನಿಂತಿತು, ಮೊಸರು ನಿಲ್ಲಲಿಲ್ಲ.
ಅಂಚಿನಲ್ಲಿ ಕೆನೆ ಹರಿಯಿತು. ಇಷ್ಟೇ.
ಹಳೆಯ ಮಾನದಂಡ ನೇರ ಏಟನ್ನಷ್ಟೇ ಅಳೆಯುತ್ತಿತ್ತು,
ಹೊಸದು ಓರೆ ಏಟನ್ನೂ, ತಲೆ ತಿರುಚುವ ಏಟನ್ನೂ.
ಯಾರು ತಾನೇ ನೆಟ್ಟಗೆ ಬೀಳುತ್ತಾರೆ ಹೇಳಿ,
ಗಂಟೆಗೆ ತೊಂಬತ್ತರಲ್ಲಿ?

ಹದಿನಾಲ್ಕನೆಯವನು ಯೋವ್ನಾ. ಹತ್ತೊಂಬತ್ತು ದಾಟಿಲ್ಲ.
ಮೇಜಿನ ಮೇಲಿಟ್ಟ ಹೆಲ್ಮೆಟ್ಟು ನನಗೆ ಗೊತ್ತು:
ಕಪ್ಪು, ಕಿವಿಯ ಬಳಿ ಹಳದಿ ನರಿ.
ಅವನಣ್ಣ ಆಂತೆಯದು.

ಎರಡು ಚಳಿಗಾಲದ ಹಿಂದೆ, ಆ ದ್ವೀಪದಾಚೆ, ಮಂಜು ಉಬ್ಬಿದ ಕಡೆ
ಆಂತೆ ಹಾರಿಬಿದ್ದ. ಎದ್ದ. ನಕ್ಕ.
"ತಲೆ ಗಟ್ಟಿಯಿದೆ" ಅಂದ. ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು
ಎನ್ನುವವರು ಯಾರೂ ಅಲ್ಲಿರಲಿಲ್ಲ.
ನಾನಿದ್ದೆ. ಕಾಫಿ ಕುಡಿಯುತ್ತಿದ್ದೆ.
ಅದೇ ಮಧ್ಯಾಹ್ನ, ಅದೇ ಹೆಲ್ಮೆಟ್ಟಿನಲ್ಲಿ ಮತ್ತೊಮ್ಮೆ ಬಿದ್ದ,
ಮಕ್ಕಳು ಜಾರಿಬೀಳುವಷ್ಟು ಮೆತ್ತಗೆ.
ಮೊದಲ ಸಲ ಅವನ ಬದಲು ಬೆಂಡು ಸತ್ತಿತ್ತು.
ಎರಡನೆಯ ಸಲಕ್ಕೆ ಸಾಯಲು ಯಾರೂ ಉಳಿದಿರಲಿಲ್ಲ.

ಸತ್ತನೆ? ಇಲ್ಲ. ಉಣ್ಣುತ್ತಾನೆ, ಬೂಟಿನ ದಾರ ಕಟ್ಟುತ್ತಾನೆ.
ಮುನ್ನೂರು ಹಿಮಸಾರಂಗಗಳ ಕಿವಿಗುರುತು ನೋಡಿ
ಯಾರ ಮನೆಯದೆಂದು ದೂರದಿಂದಲೇ ಹೇಳುತ್ತಿದ್ದವನು
ಈಗ ತನ್ನದೇ ಕರುವಿನ ಕಿವಿ ಹಿಡಿದು
"ಇದು ಯಾರದು?" ಎಂದು ಕೇಳುತ್ತಾನೆ, ಬಹಳ ವಿನಯದಿಂದ.
ಆ ವಿನಯ ಅವನದಲ್ಲ. ತಾಯಿಗೆ ಅದನ್ನೇ ತಡೆಯಲಾಗುವುದಿಲ್ಲ.

ಕತ್ತರಿ ಎತ್ತಿದೆ. ಯೋವ್ನಾ ನನ್ನ ಮಣಿಕಟ್ಟು ಹಿಡಿದ.
"ಒಳಗೆ ಅವನ ವಾಸನೆಯಿದೆ. ಹಳೆಯ ಆಂತೆಯದು."
ಸಾಲಿನಲ್ಲಿದ್ದವರು ಕೆಮ್ಮಿದರು.
ಒಳಬಟ್ಟೆ ಸರಿಸಿ, ಅವನ ಹೆಬ್ಬೆರಳನ್ನು ನಾನೇ ಹಿಡಿದು
ಬಲ ಹಣೆಯ ಜಾಗಕ್ಕೆ ಒತ್ತಿಸಿದೆ.
ಅಲ್ಲೊಂದು ತಗ್ಗು, ಕೋಳಿಮೊಟ್ಟೆ ಕೂರುವಷ್ಟು.
ಬೆರಳು ಅಲ್ಲೇ ನಿಂತಿತು, ತುಂಬಾ ಹೊತ್ತು.

ಆಮೇಲೆ ಸೊಂಟದಿಂದ ಚಾಕು ತೆಗೆದ,
ಕರುಗಳ ಕಿವಿ ಕೊಯ್ಯುವ ಸಣ್ಣ ಚಾಕು.
ಪಟ್ಟಿಯ ತುದಿಗೆ ಮೊದಲು ತಮ್ಮ ಮನೆಯ ಗುರುತು ಹಾಕಿದ:
ಎರಡು ಕಚ್ಚು, ಒಂದು ಕವಲು.
ಆಮೇಲೆ ಕತ್ತರಿಸಿದ.

ಡೇರೆಯಲ್ಲಿ ಬಾಡಿಗೆಯ ಹೆಲ್ಮೆಟ್ಟೊಂದಿತ್ತು. ತೊಡಿಸಿ ಅಲ್ಲಾಡಿಸಿದೆ,
ಕೊಡದೊಳಗಿನ ಸೌಟಿನಂತೆ ತಲೆ ಆಡಿತು. ಬೇಡ ಎಂದೆ.
ಹದಿನಾಲ್ಕರ ಮುಂದೆ ಗೀಟು ಎಳೆಯಹೋದರೆ
ಸೀಸದಕಡ್ಡಿಯ ಮೊನೆ ಮುರಿಯಿತು.
ಅದೇ ಚಾಕುವಿನಿಂದ ಅವನೇ ಹೆರೆದು ಕೊಟ್ಟ.
ಹದಿನೈದನೆಯವಳು ಒಳಗೆ ಬಂದಳು,
ತಲೆಯನ್ನು ಕಂಕುಳಲ್ಲಿಟ್ಟುಕೊಂಡು.